ಇಡ್ಲಿ ಬಿದ್ದರೆ ವೇಲ್ಯಾಂಡ್ ಪಾಸು

ಹೊಸ ಒಲೆ ಬಂದ ದಿನ ಮನೆಯಲ್ಲಿ ಮೊದಲು ಹಾಲು ಉಕ್ಕಿಸುತ್ತಾರೆ. ನಾನು ಕಂಪ್ಯೂಟರಿಗೆ ಹೊಸದೇನಾದರೂ ಹಾಕಿದರೆ ಮೊದಲು ‘ಇಡ್ಲಿ’ ಎಂದು ಟೈಪ್ ಮಾಡುತ್ತೇನೆ. ಇಡ್ಲಿ ಸರಿಯಾಗಿ ಬಿದ್ದರೆ ಮುಂದಿನ ಮಾತು. ಇಡ್ಲಿಯೇ ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಮಲ್ಲಿಪಟ್ಟಣದ ಮನೆಯಲ್ಲಿರುವ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಓಡುವುದು ಲಿನಕ್ಸ್. ಅದರ ಪರದೆಯ ಉಸ್ತುವಾರಿಯನ್ನು ಎಕ್ಸ್ ಎಂಬ ಹಳಬನಿಂದ ಕಿತ್ತು ವೇಲ್ಯಾಂಡ್ ಎಂಬ ಹೊಸಬನಿಗೆ ಒಪ್ಪಿಸಿದ ದಿನ ಕಿಟಕಿಗಳು ಎಣ್ಣೆ ಬಿಟ್ಟ ಬಾಗಿಲಿನಂತೆ ಸದ್ದಿಲ್ಲದೆ ಸರಿದವು. ವಿಡಿಯೊ ಸ್ವಚ್ಛವಾಗಿ ಮೂಡಿತು. ಇಡ್ಲಿ ಮಾತ್ರ ಬೀಳಲಿಲ್ಲ. ದಿನವೂ ಬಳಸುವ ಒಂದು ಪ್ರೋಗ್ರಾಮಿನಲ್ಲಿ ಕನ್ನಡದ ಜಾಗದಲ್ಲಿ ಐದು ಇಂಗ್ಲಿಷ್ ಅಕ್ಷರಗಳು ಸಾಲಾಗಿ ಕೂತವು.

ಲಿನಕ್ಸ್, ಬಿಎಸ್‌ಡಿಯಂಥ ಯುನಿಕ್ಸ್ ಸಂತತಿಯ ವ್ಯವಸ್ಥೆಗಳಲ್ಲಿ ಪರದೆಯ ಮೇಲೆ ಯಾರು ಎಲ್ಲಿ ಕಾಣಬೇಕು, ಒತ್ತಿದ ಕೀಲಿ ಯಾರಿಗೆ ಸೇರಬೇಕು ಎಂದು ನೋಡಿಕೊಳ್ಳಲು ಪ್ರತ್ಯೇಕ ತಂತ್ರಾಂಶವಿರುತ್ತದೆ. ಅದೇ ಡಿಸ್‌ಪ್ಲೇ ಸರ್ವರ್. ಸರ್ವರ್ ಎಂದ ತಕ್ಷಣ ಕಚೇರಿಗಳಲ್ಲಿ ‘ಡೌನ್’ ಆಗುವ ಯಾವುದೋ ದೂರದ ಯಂತ್ರ ನೆನಪಾಗಬಹುದು. ಇದು ಹಾಗಲ್ಲ, ನಿಮ್ಮ ಯಂತ್ರದೊಳಗೇ ಇರುವಂಥದ್ದು.

ಅರಕಲಗೂಡು, ಹೊಳೆನರಸೀಪುರದಂಥ ಊರುಗಳ ಬೀದಿಗೆ ಫ್ಲೆಕ್ಸ್ ಬರುವ ಮುಂಚೆ ಬೋರ್ಡ್ ಬರೆಯುವವರ ಕಾಲವಿತ್ತು. ಅಂಗಡಿಯವರು ಕೆಳಗೆ ನಿಂತು ಹೇಳುವರು, ಬರೆಯುವವರು ಏಣಿಯ ಮೇಲೆ ನಿಂತು ಬರೆಯುವರು: ಇಲ್ಲೊಂದು ಗೆರೆ ಎಳಿ, ಅಲ್ಲಿ ಕೆಂಪು ಹಾಕು, ಕೆಳಗೆ ಪ್ರೊಪ್ರೈಟರ್ ಹೆಸರು. ಎಕ್ಸ್‌ನ ಮೂಲ ಕಲ್ಪನೆ ಇದೇ. ಪ್ರೋಗ್ರಾಮು ಅಪ್ಪಣೆ ಕೊಡುತ್ತದೆ, ಸರ್ವರ್ ಬರೆಯುತ್ತದೆ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್, ಜಿಮ್ ಗೆಟಿಸ್ ಮೊದಲಾದವರು ಇದನ್ನು ಕಟ್ಟಿದಾಗ ಈ ಪದ್ಧತಿಗೆ ಅರ್ಥವಿತ್ತು. ಪ್ರೋಗ್ರಾಮು ಒಂದು ಯಂತ್ರದಲ್ಲಿ, ಪರದೆ ಇನ್ನೊಂದು ಮೇಜಿನ ಮೇಲೆ. ನಡುವಿನ ತಂತಿಯಲ್ಲಿ ಇಡೀ ಚಿತ್ರ ಸಾಗಿಸುವುದಕ್ಕಿಂತ ‘ಗೆರೆ ಎಳಿ’ ಎಂಬ ಪುಟ್ಟ ಅಪ್ಪಣೆ ಸಾಗಿಸುವುದು ಅಗ್ಗ. ಸ್ಟ್ಯಾನ್‌ಫರ್ಡ್‌ನಿಂದ ಬಂದ ‘ಡಬ್ಲ್ಯೂ’ ಎಂಬ ವ್ಯವಸ್ಥೆಯಿಂದ ಹುಟ್ಟಿದ್ದರಿಂದ ಅದರ ಮುಂದಿನ ಅಕ್ಷರವೇ ಇದಕ್ಕೆ ಹೆಸರಾಯಿತು. 1987ರ ಸೆಪ್ಟೆಂಬರ್‌ನಲ್ಲಿ 11ನೇ ಆವೃತ್ತಿ ಬಂತು. ಇವತ್ತಿಗೂ ಅದು 11ರಲ್ಲೇ ಇದೆ.

ಕಾಲ ಬದಲಾಯಿತು. ಪ್ರೋಗ್ರಾಮುಗಳು ತಮ್ಮ ಚಿತ್ರವನ್ನು ತಾವೇ ಬರೆದುಕೊಳ್ಳಲು ಕಲಿತವು. ಕನ್ನಡಕ್ಕಂತೂ ಬೇರೆ ದಾರಿಯೇ ಇರಲಿಲ್ಲ. ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಎಕ್ಸ್‌ನ ಹಳೆಯ ಫಾಂಟ್ ಲೆಕ್ಕದಲ್ಲಿ ನಮ್ಮ ಒತ್ತಕ್ಷರಗಳು ಹಿಡಿಸುವುದಿಲ್ಲ. ‘ಸ್ತ್ರೀ’ ನೋಡಲು ಒಂದೇ ಅಕ್ಷರ, ಒಳಗೆ ಆರು ಯುನಿಕೋಡ್ ಸಂಕೇತಗಳು. ಅವನ್ನು ಹೆಣೆದು ಆಕಾರ ಕೊಡುವ ಕೆಲಸವನ್ನು ಈಗ ಹಾರ್ಫ್‌ಬಝ್‌ನಂಥ ತಂತ್ರಾಂಶ ಪ್ರೋಗ್ರಾಮಿನ ಕಡೆಯಲ್ಲೇ ಮುಗಿಸುತ್ತದೆ; ಗುಬ್ಬಿಯೋ ನವಿಲೋ ಯಾವ ಫಾಂಟಾದರೂ ಅಷ್ಟೆ. ಅಂದರೆ ಅಂಗಡಿಯವರೆಲ್ಲ ಫ್ಲೆಕ್ಸ್ ಮಾಡಿಸಿಕೊಂಡೇ ಬರತೊಡಗಿದರು. ಏಣಿಯ ಮೇಲಿನವರಿಗೆ ಅಂಟಿಸುವ ಕೆಲಸವಷ್ಟೇ ಉಳಿಯಿತು, ಬಣ್ಣದ ಡಬ್ಬಿ ಮಾತ್ರ ಕೈಬಿಡಲಿಲ್ಲ.

ಅಂಟಿಸುವುದಾದರೂ ಸರಾಗವಾಗಿತ್ತೇ? ಸಾಮಾನ್ಯ ಪರದೆ ಸೆಕೆಂಡಿಗೆ 60 ಬಾರಿ, ಅಂದರೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಹೊಸದಾಗುತ್ತದೆ. ಚಿತ್ರ ಪೂರ್ತಿ ಬದಲಾಗುವ ಮೊದಲೇ ಆ ಗಳಿಗೆ ಬಂದುಬಿಟ್ಟರೆ ಮೇಲರ್ಧ ಹೊಸತು, ಕೆಳಗರ್ಧ ಹಳತು. ಸಿನಿಮಾದಲ್ಲಿ ನಾಯಕನ ತಲೆ ಒಂದು ಕಡೆ, ಮುಂಡ ಇನ್ನೊಂದು ಕಡೆ ಸರಿದದ್ದನ್ನು ಎಕ್ಸ್ ಬಳಸಿದವರೆಲ್ಲ ನೋಡಿದ್ದಾರೆ.

ಇದು ಕಣ್ಣಿನ ಕಿರಿಕಿರಿ, ಸಹಿಸಬಹುದು. ಗುಟ್ಟು ನಿಲ್ಲದಿರುವುದು ಅದಕ್ಕಿಂತ ದೊಡ್ಡ ತೊಡಕು. ಎಕ್ಸ್‌ನಲ್ಲಿ ‘ಎಕ್ಸ್‌ಐಸ್’ ಎಂಬ ಪುಟ್ಟ ಆಟಿಕೆ ಇದೆ: ಎರಡು ಕಣ್ಣು, ಮೌಸ್ ಹೋದಲ್ಲೆಲ್ಲ ಹೊರಳುತ್ತವೆ. ನೋಡಿ ನಗುತ್ತೇವೆ. ಆದರೆ ಬ್ಯಾಂಕಿನ ಕಿಟಕಿಯ ಮೇಲೆ ಓಡಾಡುವ ಮೌಸ್ ಈ ಆಟಿಕೆಗೆ ಹೇಗೆ ತಿಳಿಯಿತು? ಎಕ್ಸ್‌ನಲ್ಲಿ ಯಾವ ಪ್ರೋಗ್ರಾಮು ಬೇಕಾದರೂ ಕೇಳಿ ತಿಳಿಯಬಹುದು. ಮೌಸ್ ಮಾತ್ರವಲ್ಲ, ಪಕ್ಕದ ಕಿಟಕಿಯಲ್ಲಿ ಒತ್ತಿದ ಕೀಲಿಗಳನ್ನೂ ಓದಬಹುದು, ಪಾಸ್‌ವರ್ಡ್ ಸೇರಿ. ಒಂದೇ ಪ್ರಯೋಗಾಲಯದ, ಪರಸ್ಪರ ನಂಬುವ ಜನರಿಗಾಗಿ ಹುಟ್ಟಿದ ವ್ಯವಸ್ಥೆ ಅದು; ಬಾಗಿಲಿಗೆ ಅಗುಳಿಯನ್ನೇ ಇಡಲಿಲ್ಲ. ಗೋಡೆಯೂ ಹಳತಾಗಿತ್ತು. ಫಾಂಟ್ ಓದುವ ಭಾಗದಲ್ಲಿ 1991ರಿಂದ ಇದ್ದ ಒಂದು ಬಿರುಕು ಬಯಲಾಗಿದ್ದು 2014ರ ಜನವರಿಯಲ್ಲಿ.

ತೇಪೆ ಸಾಕು, ಹೊಸದಾಗಿ ಕಟ್ಟೋಣ ಎಂದು 2008ರಲ್ಲಿ ಹೊರಟವರು ಕ್ರಿಸ್ಟಿಯನ್ ಹೋಗ್ಸ್‌ಬರ್ಗ್. ಸ್ವತಃ ಎಕ್ಸ್‌ನ ಒಳಗೆ ಕೆಲಸ ಮಾಡಿದ ಎಂಜಿನಿಯರ್. ಕಾರಿನಲ್ಲಿ ಹೋಗುವಾಗ ದಾರಿಯಲ್ಲಿ ಸಿಕ್ಕಿದ ಮ್ಯಾಸಚೂಸೆಟ್ಸ್‌ನ ವೇಲ್ಯಾಂಡ್ ಎಂಬ ಊರಿನ ಹೆಸರನ್ನೇ ಇಟ್ಟರು. ಮಾದರಿಯಾಗಿ ಕಟ್ಟಿದ ಸರ್ವರಿಗೆ ನೆರೆಯ ಊರು ವೆಸ್ಟನ್‌ನ ಹೆಸರು. ನಮ್ಮ ತಾಲ್ಲೂಕಿನವರು ಕಟ್ಟಿದ್ದರೆ ಒಂದು ಮಲ್ಲಿಪಟ್ಟಣ, ಇನ್ನೊಂದು ಕೊಣನೂರು ಎಂದಾಗುತ್ತಿತ್ತೋ ಏನೋ.

ವೇಲ್ಯಾಂಡ್‌ನಲ್ಲಿ ಬಣ್ಣದ ಡಬ್ಬಿಯೇ ಇಲ್ಲ. ಪ್ರೋಗ್ರಾಮು ತನ್ನ ಚಿತ್ರವನ್ನು ಪೂರ್ತಿ ಮುಗಿಸಿ ಒಪ್ಪಿಸಬೇಕು. ಕಾಂಪೊಸಿಟರ್ ಎಂಬ ಜೋಡಿಸುವಾತ ಅದನ್ನು ಎಲ್ಲಿ ತೂಗುಹಾಕಬೇಕೆಂದಷ್ಟೇ ನೋಡುತ್ತಾನೆ. ಅರೆಬರೆ ಚಿತ್ರ ಪರದೆಗೇರುವುದಿಲ್ಲ. ಒತ್ತಿದ ಕೀಲಿ ಯಾವ ಕಿಟಕಿಗೆ ಸೇರಬೇಕೋ ಅದಕ್ಕೆ ಮಾತ್ರ. ವೇಲ್ಯಾಂಡ್ ಮೇಲೆ ಎಕ್ಸ್‌ಐಸ್ ಓಡಿಸಿ ನೋಡಿ: ಮೌಸ್ ವೇಲ್ಯಾಂಡ್‌ಗೆಂದೇ ಬರೆದ ಕಿಟಕಿಯೊಂದರ ಮೇಲೆ ಹೋದ ಕೂಡಲೇ ಆ ಕಣ್ಣುಗಳು ನಿಂತಲ್ಲೇ ನಿಲ್ಲುತ್ತವೆ. ಭದ್ರತೆಯ ಬಗ್ಗೆ ಹತ್ತು ಪುಟ ಓದುವುದಕ್ಕಿಂತ ಇದು ಚೆನ್ನಾಗಿ ಅರ್ಥವಾಗುತ್ತದೆ.

ಈಗ ಇಡ್ಲಿಗೆ ಬರೋಣ. ನಾನು ಬಳಸುವುದು ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ನಮ್ಮ ಬೆರಳುಗಳಿಗೆ ಅಂಟಿಕೊಂಡದ್ದು. ಅದರಲ್ಲಿ ಇಡ್ಲಿಗೆ ಐದು ಒತ್ತು: ಐ, ಡಬ್ಲ್ಯೂ, ಎಫ್, ಎಲ್, ಮತ್ತೆ ಐ. ಮೊದಲ ಐ ಒತ್ತಿದರೆ ‘ಇ’ ಬರಬೇಕು. ಕೊನೆಯ ಐ ಒತ್ತಿದರೆ ಲಕಾರಕ್ಕೆ ಗುಡಿಸು ಸೇರಿ ‘ಲಿ’ ಆಗಬೇಕು. ಕೀಲಿ ಒಂದೇ, ಫಲ ಎರಡು. ಹಿಂದೆ ವ್ಯಂಜನವಿತ್ತೇ ಎಂದು ನೋಡಿ ತೀರ್ಮಾನಿಸುವವರು ಒಬ್ಬರು ಬೇಕು. ಆ ಮಧ್ಯವರ್ತಿಯೇ ಇನ್‌ಪುಟ್ ಮೆಥಡ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಐಬಸ್. ಇನ್‌ಸ್ಕ್ರಿಪ್ಟ್ ಬಳಸುವವರಿಗೆ ಈ ಚಿಂತೆಯಿಲ್ಲ. ಅಲ್ಲಿ ‘ಇ’ಗೂ ಗುಡಿಸಿಗೂ ಒತ್ತುವ ರೀತಿಯೇ ಬೇರೆ, ಶಿಫ್ಟ್ ಹಿಡಿದರೆ ಒಂದು, ಬಿಟ್ಟರೆ ಇನ್ನೊಂದು, ಬರೀ ಕೋಷ್ಟಕ ಸಾಕು.

ಎಕ್ಸ್‌ನಲ್ಲಿ ಮಧ್ಯವರ್ತಿಯ ಬದುಕು ಸಲೀಸು, ಬಾಗಿಲೆಲ್ಲ ತೆರೆದೇ ಇರುತ್ತಿದ್ದವಲ್ಲ. ವೇಲ್ಯಾಂಡ್ ಕಳ್ಳನಿಗೆಂದು ಹಾಕಿದ ಅಗುಳಿ ಇವನನ್ನೂ ಹೊರಗೆ ನಿಲ್ಲಿಸಿತು. ಇವನಿಗೊಂದು ಪರವಾನಗಿ ಕೊಡಲು ‘ಟೆಕ್ಸ್ಟ್ ಇನ್‌ಪುಟ್’ ಎಂಬ ಒಡಂಬಡಿಕೆ ಬರೆಯಬೇಕಾಯಿತು. ಕರ್ಸರ್ ಎಲ್ಲಿದೆ, ಅದರ ಅಕ್ಕಪಕ್ಕ ಯಾವ ಅಕ್ಷರಗಳಿವೆ ಎಂದು ಪ್ರೋಗ್ರಾಮು ತಾನಾಗಿ ತಿಳಿಸುತ್ತದೆ, ಮಧ್ಯವರ್ತಿ ಸಿದ್ಧ ಅಕ್ಷರವನ್ನು ಹಿಂದಿರುಗಿಸುತ್ತಾನೆ. ವ್ಯಾಪಕವಾಗಿ ಬಳಕೆಯಲ್ಲಿರುವ ಇದರ ಮೂರನೇ ಆವೃತ್ತಿಯ ಹೆಸರಿನಲ್ಲೇ ‘ಅನ್‌ಸ್ಟೇಬಲ್’ ಎಂಬ ಪದವಿದೆ. ಚೀನೀ, ಜಪಾನೀ ಬರೆಯುವವರಿಗೂ ಇದೇ ದಾರಿ. ಜೋಡಿಸುವಾತ, ಪ್ರೋಗ್ರಾಮು, ಮಧ್ಯವರ್ತಿ ಮೂವರಿಗೂ ಈ ಭಾಷೆ ಬರಬೇಕು. ನನ್ನ ಪ್ರೋಗ್ರಾಮಿಗೆ ಬರುತ್ತಿರಲಿಲ್ಲ, ಅದಕ್ಕೇ ಆ ಐದು ಇಂಗ್ಲಿಷ್ ಅಕ್ಷರ. ಕ್ರೋಮಿಯಂ ಬ್ರೌಸರಿನ ಬುನಾದಿಯ ಪ್ರೋಗ್ರಾಮುಗಳನ್ನು ನೇರವಾಗಿ ವೇಲ್ಯಾಂಡ್‌ನಲ್ಲಿ ಓಡಿಸುವಾಗ ಬಹಳ ಕಾಲ ಇದಕ್ಕಾಗಿ ಬೇರೆ ಸೂಚನೆಯನ್ನೇ ಕೊಡಬೇಕಾಗಿತ್ತು. ಇಂಗ್ಲಿಷ್ ಒಂದನ್ನೇ ಟೈಪಿಸುವವರು ವೇಲ್ಯಾಂಡ್ ‘ಸಿದ್ಧವಾಗಿದೆ’ ಎಂದು ಘೋಷಿಸಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತಿದ್ದದ್ದು ಇದಕ್ಕೇ.

ಆದರೂ ಗಾಳಿ ಬೀಸುವ ದಿಕ್ಕು ಸ್ಪಷ್ಟ. ಲಿನಕ್ಸ್‌ನ ಬಗೆಗಳಲ್ಲಿ ಫೆಡೋರಾ 2016ರ ನವೆಂಬರ್‌ನಲ್ಲಿ ವೇಲ್ಯಾಂಡ್‌ಗೆ ಮೊದಲ ಮಣೆ ಹಾಕಿತು. ಉಬುಂಟು ತನ್ನ 17.10 ಆವೃತ್ತಿಯಲ್ಲಿ ಅತ್ತ ಹೋಗಿ, 18.04ರಲ್ಲಿ ಹಿಂದೆ ಬಂದು, 21.04ರಲ್ಲಿ ಮತ್ತೆ ಹೋಯಿತು. ಅದನ್ನು ನಡೆಸುವ ಕೆನಾನಿಕಲ್ 2013ರಲ್ಲಿ ‘ಮಿರ್’ ಎಂಬ ಬೇರೆಯದೇ ಸರ್ವರ್ ಘೋಷಿಸಿ, 2017ರಲ್ಲಿ ಡೆಸ್ಕ್‌ಟಾಪಿನ ಮಟ್ಟಿಗೆ ಆ ಕನಸು ಕೈಬಿಟ್ಟದ್ದು ಇನ್ನೊಂದು ಕತೆ. ಕೆಡಿಇ ಡೆಸ್ಕ್‌ಟಾಪಿನ ಪ್ಲಾಸ್ಮಾ 6 ಬಂದದ್ದು 2024ರ ಫೆಬ್ರವರಿಯಲ್ಲಿ, ಮೊದಲ ಆಯ್ಕೆ ವೇಲ್ಯಾಂಡ್. 2025ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಎಕ್ಸ್‌ನ ಸರ್ವರನ್ನೇ ತೆಗೆದರು. ಹಳೇ ಪ್ರೋಗ್ರಾಮುಗಳಿಗೆ ಎಕ್ಸ್‌ವೇಲ್ಯಾಂಡ್ ಎಂಬ ದುಭಾಷಿ ಇದ್ದಾನೆ.

ನೀವೂ ನೋಡಬೇಕೆಂದಿದ್ದರೆ ಇರುವ ವ್ಯವಸ್ಥೆಯನ್ನು ಅಳಿಸಬೇಕಿಲ್ಲ. ಪೆನ್‌ಡ್ರೈವ್‌ನಿಂದ ಓಡುವ ಲೈವ್ ಲಿನಕ್ಸ್ ಸಾಕು. ಎಕ್ಸ್ ಓಡುತ್ತಿರುವಾಗಲೇ ವೆಸ್ಟನ್ ಅನ್ನು ಒಂದು ಕಿಟಕಿಯೊಳಗೆ ತೆರೆದು ಆಡಿಸಲೂ ಬರುತ್ತದೆ. ಕೆಟ್ಟರೆ ಆ ಕಿಟಕಿ ಮುಚ್ಚಿದರಾಯಿತು. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಐಬಸ್ ಜೊತೆಗೇ ಬೆಸೆದುಕೊಂಡಿದೆ. ಕೆಡಿಇಯಲ್ಲಾದರೆ ಸೆಟ್ಟಿಂಗ್ಸ್‌ನ ‘ವರ್ಚುವಲ್ ಕೀಬೋರ್ಡ್’ ಎಂಬಲ್ಲಿ ‘ಐಬಸ್ ವೇಲ್ಯಾಂಡ್’ ಆರಿಸಬೇಕು. ಇದನ್ನು ಅಲ್ಲಿಟ್ಟವರ ತರ್ಕ ನನಗಿನ್ನೂ ಹೊಳೆದಿಲ್ಲ.

ಆಮೇಲೆ ಇಡ್ಲಿ ಎಂದು ಟೈಪ್ ಮಾಡಿ. ಬ್ರೌಸರಿನಲ್ಲಿ, ಲಿಬ್ರೆಆಫೀಸಿನಲ್ಲಿ, ಟರ್ಮಿನಲ್ಲಿನಲ್ಲಿ ಬೇರೆಬೇರೆಯಾಗಿ. ಮಲ್ಲಿಪಟ್ಟಣ ಎಂದೂ ಹೊಡೆದು ಒತ್ತಕ್ಷರ ನೋಡಿಕೊಳ್ಳಿ. ಎಲ್ಲಾದರೂ ತಪ್ಪಿದರೆ ಸುಮ್ಮನಾಗಬೇಡಿ: ಯಾವ ಪ್ರೋಗ್ರಾಮು, ಅದರ ಆವೃತ್ತಿ, ಯಾವ ಕೀಲಿಮಣೆ, ಒತ್ತಿದ ಐದು ಕೀಲಿ, ಬಿದ್ದ ಅಕ್ಷರ, ಇಷ್ಟನ್ನು ಬರೆದು ಆ ಪ್ರೋಗ್ರಾಮು ಮಾಡಿದವರಿಗೆ ಕಳಿಸಿ. ಅವರಲ್ಲಿ ಹೆಚ್ಚಿನವರು ಇಡ್ಲಿ ಟೈಪ್ ಮಾಡಿ ನೋಡಿರುವುದಿಲ್ಲ.