'ರಿಸ್ಟ್ರಿಕ್ಟಿವ್': ಅರ್ಥ ಮತ್ತು ಅನುವಾದದ ತೊಡಕು

ಇಂಗ್ಲಿಷಿನ 'ರಿಸ್ಟ್ರಿಕ್ಟಿವ್' ಎಂಬ ಗುಣವಾಚಕದ ಮೂಲ, ಹಿಂದಕ್ಕೆಳೆದು ಬಿಗಿಯುವುದು ಎಂಬರ್ಥದ ಲ್ಯಾಟಿನ್ ಕ್ರಿಯಾಪದ. ನಿರ್ಬಂಧಕ್ಕೆ ಒಳಗಾದುದು 'ರಿಸ್ಟ್ರಿಕ್ಟೆಡ್'. ನಿರ್ಬಂಧವನ್ನು ಹೇರುವುದು 'ರಿಸ್ಟ್ರಿಕ್ಟಿವ್'. ಎರಡನ್ನೂ 'ನಿರ್ಬಂಧಿತ' ಎಂದರೆ ಕರ್ತೃವೇ ಕರ್ಮವಾಗಿಬಿಡುತ್ತದೆ. ಈಗ ರದ್ದಾಗಿರುವ, 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆಯ ಹೆಸರಿನಲ್ಲಿದ್ದುದು ಎರಡನೆಯ ಪದ. ಅಲ್ಲಿ ವ್ಯಾಪಾರ ಪದ್ಧತಿಯೇ ಸ್ಪರ್ಧೆಯನ್ನು ಕಟ್ಟಿಹಾಕುತ್ತದೆ.

ವ್ಯಾಕರಣದಲ್ಲಿ ಈ ಪದದ ಬಳಕೆ ಇನ್ನೂ ಸೂಕ್ಷ್ಮವಾದುದು. ನಾಮಪದದ ವ್ಯಾಪ್ತಿಯನ್ನು ಕುಗ್ಗಿಸುವ ವಿಶೇಷಣ ಉಪವಾಕ್ಯ 'ರಿಸ್ಟ್ರಿಕ್ಟಿವ್'. ಬರಿಯ ಹೆಚ್ಚಿನ ವಿವರ ನೀಡುವ ಉಪವಾಕ್ಯ ಹಾಗಲ್ಲ; ಇಂಗ್ಲಿಷ್ ಬರಹದಲ್ಲಿ ಅದನ್ನು ಅಲ್ಪವಿರಾಮದಿಂದ ಬೇರ್ಪಡಿಸುವುದು ರೂಢಿ. ಕನ್ನಡದ ಕೃದಂತ ವಿಶೇಷಣಕ್ಕೆ ಅಂಥ ಗುರುತಿಲ್ಲ. 'ಮೈಸೂರಿನಲ್ಲಿರುವ ಅಣ್ಣ ಬಂದನು' ಎಂದಾಗ ಬಂದವನು ಹಲವು ಅಣ್ಣಂದಿರಲ್ಲಿ ಒಬ್ಬನೋ, ಇರುವ ಒಬ್ಬನೇ ಅಣ್ಣನೋ ಎಂಬುದನ್ನು ಸಂದರ್ಭವೇ ತಿಳಿಸಬೇಕು.

ಮಾತಿನಲ್ಲಿ ಇದು ಕೊರತೆಯೆನಿಸದು. ಶಾಸನದ ಅನುವಾದದಲ್ಲಿ ಮಾತ್ರ ತೊಡಕು ಗಂಭೀರ. 'ಪರವಾನಗಿ ಹೊಂದಿರುವ ವರ್ತಕರು ಶುಲ್ಕ ಸಲ್ಲಿಸತಕ್ಕದ್ದು' ಎಂಬಲ್ಲಿ ಶುಲ್ಕ ಎಲ್ಲ ವರ್ತಕರಿಗೋ, ಕೆಲವರಿಗೋ? ವ್ಯಾಪ್ತಿ ಕುಗ್ಗಬೇಕಾದಲ್ಲಿ 'ವರ್ತಕರ ಪೈಕಿ ಪರವಾನಗಿ ಹೊಂದಿರುವವರು ಮಾತ್ರ' ಎನ್ನಬಹುದು. ಬರಿಯ ವಿವರವಾದರೆ ಅದನ್ನು ಒಡೆದು ಪ್ರತ್ಯೇಕ ವಾಕ್ಯವಾಗಿಸುವುದೇ ಕನ್ನಡಕ್ಕೆ ಸಹಜ.