ಕಂಬದ ಹೊಟ್ಟೆಯೊಳಗೆ ಕಾಂಕ್ರೀಟು

ಖಾಲಿ ತಗಡಿನ ಡಬ್ಬಿ ತುಳಿದರೆ ಏನಾಗುತ್ತೆ? ನೆಗ್ಗುತ್ತೆ. ಅದಕ್ಕೇ ಗಟ್ಟಿಯಾಗಿ ಮರಳು ತುಂಬಿ ತುಳಿಯಿರಿ. ನೆಗ್ಗೋದಿಲ್ಲ.

ಉಕ್ಕಿನ ಕೊಳವೆಯ ಕಂಬವೂ ಹಾಗೇ. ಖಾಲಿ ಇದ್ದರೆ ಹೆಚ್ಚು ಭಾರಕ್ಕೆ ನೆಗ್ಗುತ್ತದೆ. ಬರೀ ಕಾಂಕ್ರೀಟಿನ ಕಂಬ ಪಕ್ಕಕ್ಕೆ ಉಬ್ಬಿ ಸೀಳುತ್ತದೆ. ಕೊಳವೆಯೊಳಗೆ ಕಾಂಕ್ರೀಟು ತುಂಬಿದರೆ ಒಂದಕ್ಕೊಂದು ಆಸರೆ. ಕಾಂಕ್ರೀಟು ಕೊಳವೆಯನ್ನು ಒಳಕ್ಕೆ ನೆಗ್ಗಲು ಬಿಡದು. ಗಾಡಿಚಕ್ರದ ಕಬ್ಬಿಣದ ಪಟ್ಟಿಯ ಹಾಗೆ ಕೊಳವೆ ಕಾಂಕ್ರೀಟನ್ನು ಬಿಗಿಹಿಡಿಯುತ್ತದೆ.

ತೈವಾನಿನ ತೈಪೆ ನಗರದಲ್ಲಿ 101 ಅಂತಸ್ತಿನ ಕಟ್ಟಡವಿದೆ. 2004ರಲ್ಲಿ ಮುಗಿಯಿತು. ಅದರ 8 ದೊಡ್ಡ ಉಕ್ಕಿನ ಕಂಬಗಳಿಗೆ 62ನೇ ಅಂತಸ್ತಿನವರೆಗೂ ಕಾಂಕ್ರೀಟು ತುಂಬಿದ್ದಾರೆ.

ತುಂಬುವಾಗ ಒಳಗೆ ಟೊಳ್ಳು ಉಳಿದರೆ ಹೊರಗೆ ಕಾಣದು. ಅಪಾಯ ಇರೋದೇ ಅಲ್ಲಿ. ಗಾರೆ ಕೆಲಸಕ್ಕೆ ಹೋಗುವ ಅಕ್ಕಂದಿರೇ, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಕಂಬವನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಮೇಸ್ತ್ರಿಗೆ ಹೇಳಿ.