ಅರ್ಧ ದಿನದ ಅತಿಥಿ ಮತ್ತು ಊರಿನ ವ್ಯಾಪಾರ

ಶಿವಮೊಗ್ಗಕ್ಕೆ ಬಂದಿಳಿಯುವ ಪ್ರವಾಸಿಗರಲ್ಲಿ ಬಹುಪಾಲು ಜನ ಶಿವಮೊಗ್ಗವನ್ನು ನೋಡಲೆಂದು ಬಂದವರಲ್ಲ. ಜೋಗಕ್ಕೋ ಆಗುಂಬೆಗೋ ಹೊರಟವರಿಗೆ ನಗರವು ತಿಂಡಿ ಕಾಫಿಯ ನಿಲುಗಡೆ ಮಾತ್ರ. ಈ ಅತಿಥಿಯು ಅರ್ಧ ದಿನ ಹೆಚ್ಚು ನಿಂತರೆ ಆತನ ಹಣವು ಹೋಟೆಲು, ಆಟೋ, ಬಟ್ಟೆ ಅಂಗಡಿ, ಉಪ್ಪಿನಕಾಯಿ ತಯಾರಕರವರೆಗೆ ಹರಡುತ್ತದೆ. ವರ್ತಕರು ಯೋಚಿಸತಕ್ಕದ್ದು ಈ ಅರ್ಧ ದಿನದ ಬಗ್ಗೆ.

ನೋಡತಕ್ಕದ್ದು ಇಲ್ಲದಿಲ್ಲ. ತುಂಗೆಯ ದಡದಲ್ಲಿರುವ ಶಿವಪ್ಪ ನಾಯಕನ ಹೆಸರಿನ ಅರಮನೆಯ ವಸ್ತುಸಂಗ್ರಹಾಲಯ ಮತ್ತು ಅದರ ಆವರಣದ ವೀರಗಲ್ಲುಗಳು, ಶಿಲ್ಪಗಳು. ಪೇಟೆಗೆ ಹತ್ತಿರದ ಗಾಂಧಿ ಪಾರ್ಕು. ಹಳೆಯ ಕಾರಾಗೃಹದ ಜಾಗದಲ್ಲಿ ರೂಪುಗೊಂಡ ಫ್ರೀಡಂ ಪಾರ್ಕು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ನಂತರ ನದೀತೀರದ ನಡಿಗೆ ಪಥವೂ, ಕಸದ ತಾಣಗಳಾಗಿದ್ದ ಕನ್ಸರ್ವೆನ್ಸಿ ಓಣಿಗಳ ಸುಧಾರಣೆಯೂ, ಗೋಡೆಚಿತ್ರಗಳೂ ಇವುಗಳಿಗೆ ಸೇರಿದವು. ಆದರೆ ಇವನ್ನೆಲ್ಲ ಒಂದು ದಾರಿಯಾಗಿ ಜೋಡಿಸಿ ಅತಿಥಿಗೆ ಹೇಳುವವರು ವಿರಳ. ಲಾಡ್ಜಿನ ಕೌಂಟರಿನಲ್ಲಿ ಜೋಗದ ದೂರ ತಿಳಿಯುತ್ತದೆ. ಅರಮನೆಯ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆಂಬುದು ತಿಳಿಯುವುದಿಲ್ಲ.

ಭದ್ರಾವತಿಯ ಪಾಲಿಗೆ ಇದು ಇನ್ನೂ ಗಂಭೀರವಾದ ವಿಷಯ. ಒಂದು ಕಾಲದಲ್ಲಿ ಕಬ್ಬಿಣ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಗಳ ಸಂಬಳದ ದಿನವೇ ಅಲ್ಲಿನ ಪೇಟೆಯ ಹಬ್ಬವಾಗಿತ್ತು. ಕಾಗದದ ಉತ್ಪಾದನೆ 2015ರ ಸುಮಾರಿಗೆ ನಿಂತಿತು. 2023ರ ಜನವರಿಯಲ್ಲಿ ವಿ.ಐ.ಎಸ್.ಎಲ್. ಮುಚ್ಚುವ ತೀರ್ಮಾನ ಹೊರಬಿದ್ದು, ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಭಾಗಶಃ ಕೆಲಸ ಮತ್ತೆ ಆರಂಭವಾಯಿತು. ಪ್ರವಾಸಿಯು ಆ ಸಂಬಳಕ್ಕೆ ಸಮನಾಗಲಾರ, ಹಾಗೆಂದು ನಂಬುವುದು ಭ್ರಮೆ. ಆದರೂ ಹದಿಮೂರನೆಯ ಶತಮಾನದ ಹೊಯ್ಸಳ ಶೈಲಿಯ ಲಕ್ಷ್ಮೀನರಸಿಂಹ ದೇವಾಲಯವು ಪೇಟೆಗೆ ಸಮೀಪದಲ್ಲಿಯೇ ಇದೆ. 2023ರ ಆಗಸ್ಟ್‌ನಿಂದ ವಿಮಾನ ಸಂಚಾರ ಕಂಡ ಸೋಗಾನೆಯ ನಿಲ್ದಾಣವೂ ಎರಡೂ ಊರುಗಳಿಗೆ ಹತ್ತಿರ.

ಇನ್ನು ಆಹಾರ. ಕಡುಬು, ಅಕ್ಕಿ ರೊಟ್ಟಿ, ಮಳೆಗಾಲದ ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ: ಮಲೆನಾಡಿನವರ ಮನೆಯಲ್ಲಿ ನಿತ್ಯವಿರುವ ಇವು ಹೋಟೆಲಿನ ಫಲಕದಲ್ಲಿ ಅಪರೂಪ. ಉತ್ತರ ಭಾರತದ ತಿನಿಸನ್ನು ಅತಿಥಿಯು ತನ್ನ ಊರಿನಲ್ಲೇ ತಿಂದು ಬಂದಿರುತ್ತಾನೆ.

ಇಲ್ಲಿ ತೆರಿಗೆಯ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಒಳಿತು. ಸಾಮಾನ್ಯ ಉಪಾಹಾರ ಮಂದಿರಕ್ಕೆ ಜಿ.ಎಸ್.ಟಿ. ಶೇ. 5, ಹೂಡುವಳಿ ತೆರಿಗೆಯ ಜಮೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500ರವರೆಗಿನ ಕೊಠಡಿಗೂ ಇದೇ ನಿಯಮ, ಮೊದಲು ಶೇ. 12 ಇದ್ದು ಜಮೆಯೂ ದೊರೆಯುತ್ತಿತ್ತು. ದರ ಇಳಿದದ್ದು ಅತಿಥಿಗೆ ಲಾಭ. ಮಾಲೀಕರಿಗಾದರೋ ಹೊಸ ಎ.ಸಿ., ಮಂಚ, ಹಾಸಿಗೆಗಳ ಮೇಲೆ ತೆತ್ತ ತೆರಿಗೆಯು ಈಗ ನೇರ ವೆಚ್ಚ. ಕೊಠಡಿ ನವೀಕರಣಕ್ಕೆ ಸಾಲ ಎತ್ತುವವರು ಅಂದಾಜು ಪಟ್ಟಿಯಲ್ಲಿ ತೆರಿಗೆ ಸೇರಿಸಿದ ಬೆಲೆಯನ್ನೇ ಬರೆಯತಕ್ಕದ್ದು.

ಉಪ್ಪಿನಕಾಯಿಗೆ ಶೇ. 5 ತೆರಿಗೆ, ಹಪ್ಪಳಕ್ಕೆ, ತಿನ್ನಲು ಬಡಿಸಿದ್ದನ್ನು ಬಿಟ್ಟರೆ, ತೆರಿಗೆಯಿಲ್ಲ. ಸರಕು ಮಾತ್ರ ಮಾರುವ ಸಣ್ಣ ತಯಾರಕರಿಗೆ ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ಹೈದರಾಬಾದಿನ ಗಿರಾಕಿಗೆ ಪಾರ್ಸಲ್ ಕಳುಹಿಸತೊಡಗಿದರೆ ಹೊರರಾಜ್ಯದ ಪೂರೈಕೆಯಾಗಿ ಈ ಮಿತಿಯ ಆಸರೆ ತಪ್ಪುತ್ತದೆ. ನೋಂದಾಯಿತ ಅಂಗಡಿಯವರು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು: ಹಪ್ಪಳ ಹಾಗೂ ಉಪ್ಪಿನಕಾಯಿಯನ್ನು ಒಂದೇ ಉಡುಗೊರೆ ಪೆಟ್ಟಿಗೆಯಲ್ಲಿಟ್ಟು ಒಂದೇ ಬೆಲೆ ನಮೂದಿಸಿದರೆ ಅದು ಮಿಶ್ರ ಪೂರೈಕೆಯಾಗಿ ಹಪ್ಪಳದ ಮೇಲೂ ಶೇ. 5 ತೆರಬೇಕಾಗುತ್ತದೆ. ಎರಡನ್ನೂ ಬಿಡಿಯಾಗಿ ಮಾರಾಟಕ್ಕಿಟ್ಟು, ಬಿಲ್ಲಿನಲ್ಲಿಯೂ ಬೇರೆ ಬೇರೆ ಬೆಲೆ ಬರೆದರೆ ಈ ಹೊರೆ ಬರುವುದಿಲ್ಲ.